ಅಕ್ಟೋಬರ್ 23 ಮೊದಲು ಕಿತ್ತೂರಿನದು: ‘ಇತಿಹಾಸದಲ್ಲಿ ಈ ದಿನ’ ಕಟ್ಟುವ ಕೆಲಸ

(ಬೆಳಗಾವಿಯಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಶಾಲಾ ಶಿಕ್ಷಕರು ಮತ್ತು ಬಾನುಲಿ ನಿರೂಪಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪತ್ರಿಕೆಯ ಮೂಲೆಯ ಚೌಕಟ್ಟು, ಶಾಲೆಯ ಪ್ರಾರ್ಥನೆಯ ಹೊತ್ತಿನ ಓದು, ಬಾನುಲಿಯ ಬೆಳಗಿನ ಎರಡು ನಿಮಿಷ, ವಾಟ್ಸ್‌ಆ್ಯಪ್ ಗುಂಪಿನ ಮುಂಜಾನೆಯ ಸಂದೇಶ, ಎಲ್ಲ ಕಡೆ ‘ಇತಿಹಾಸದಲ್ಲಿ ಈ ದಿನ’ ಇದೆ. ಓದುವವರು ಬಹಳ, ಕಾಳಜಿಯಿಂದ ಬರೆಯುವವರು ಕಡಿಮೆ. ಎಲ್ಲಿಂದಲೋ ಎತ್ತಿ, ಅನುವಾದಿಸಿ, ಹಾಗೇ ಇಳಿಸಿಬಿಡುತ್ತಾರೆ. ಇವತ್ತು ಹೇಳಬೇಕಾದದ್ದು ಒಂದೇ: ಈ ಚೌಕಟ್ಟನ್ನು ನಿಮ್ಮ ಊರಿನಲ್ಲಿ ನಿಂತು ಕಟ್ಟಿ, ಒಳಗೆ ಕೂರಿಸುವ ಪ್ರತಿಯೊಂದು ತಾರೀಖಿನ ಬೇರನ್ನು ನೋಡಿ.

ಅಕ್ಟೋಬರ್ 23ನ್ನು ತೆಗೆದುಕೊಳ್ಳೋಣ. ಅಂತರಜಾಲದಲ್ಲಿ ಹುಡುಕಿದರೆ ಪೆಲೆ ಹುಟ್ಟಿದ ದಿನ ಸಿಗುತ್ತದೆ, 1940. ನಟ ಪ್ರಭಾಸ್ ಹುಟ್ಟಿದ್ದು 1979ರ ಇದೇ ದಿನ, ಮಂಗಳೂರಿನಲ್ಲಿ ಬೆಳೆದ ಕಾದಂಬರಿಕಾರ ಅರವಿಂದ ಅಡಿಗ ಹುಟ್ಟಿದ್ದು 1974ರಲ್ಲಿ. 2001ರಲ್ಲಿ ಆ್ಯಪಲ್ ಕಂಪನಿ ಹಾಡು ಕೇಳುವ ಪುಟ್ಟ ಸಾಧನ ಐಪಾಡನ್ನು ಜಗತ್ತಿಗೆ ತೋರಿಸಿತು. 2022ರಲ್ಲಿ ಮೆಲ್ಬರ್ನ್‌ನಲ್ಲಿ ಪಾಕಿಸ್ತಾನದ ವಿರುದ್ಧ ವಿರಾಟ್ ಕೊಹ್ಲಿ 53 ಎಸೆತಗಳಲ್ಲಿ ಅಜೇಯ 82 ಹೊಡೆದು, 160ರ ಗುರಿ ಮುಟ್ಟಿಸಿ, 4 ವಿಕೆಟ್‌ಗಳ ಗೆಲುವು ತಂದರು. ಇಷ್ಟಕ್ಕೇ ಚೌಕಟ್ಟು ತುಂಬುತ್ತದೆ. ಇದೇ ಚೌಕಟ್ಟನ್ನು ಲಖನೌದಲ್ಲೂ ಹಾಕಬಹುದು, ಕೊಚ್ಚಿಯಲ್ಲೂ ಹಾಕಬಹುದು.

ಆದರೆ ಇಲ್ಲಿಂದ ಧಾರವಾಡದ ದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ಹೋದರೆ ಕಿತ್ತೂರು. 1824ರ ಅಕ್ಟೋಬರ್ 23ರಂದು ಆ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸತ್ತುಬಿದ್ದ, ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಅಧಿಕಾರಿಗಳು ಸೆರೆಸಿಕ್ಕರು, ರಾಣಿ ಚೆನ್ನಮ್ಮನ ಪಡೆ ಗೆದ್ದಿತು. ಕಿತ್ತೂರು ಉತ್ಸವ 23ರಿಂದ 25ರವರೆಗೆ ನಡೆಯುವುದು ಇದೇ ಕಾರಣಕ್ಕೆ. ಬೈಲಹೊಂಗಲದ ಓದುಗನ ಕೈಗೆ ಹೋಗುವ ಚೌಕಟ್ಟಿನಲ್ಲಿ ಈ ಸಾಲು ಮೊದಲು ಬರಬೇಕು, ಪೆಲೆ ಆಮೇಲೆ. ಊರಿನದು ಮೊದಲು, ನಾಡಿನದು ನಂತರ, ಆಮೇಲೆ ಆಟ, ಸಿನಿಮಾ, ಸಂಗೀತ, ಕೊನೆಗೆ ಹೊರಜಗತ್ತು. ಊರಿನದು ಸಿಗದ ದಿನಗಳೂ ಇರುತ್ತವೆ. ಅಂಥ ದಿನ ಆ ಜಾಗ ಬಿಟ್ಟುಬಿಡಿ. ತುಂಬಲೇಬೇಕೆಂದು ‘ಇದೇ ದಿನ ಇರಬಹುದು’ ಅನ್ನುವ ಘಟನೆ ತಂದು ಕೂರಿಸಿದರೆ ಅದು ಎರಡು ವರ್ಷದಲ್ಲಿ ಸತ್ಯವಾಗಿ ಓಡಾಡತೊಡಗುತ್ತದೆ.

ಇನ್ನು ಪರೀಕ್ಷೆ. ಈ ಆರು ಸಾಲುಗಳ ತಾರೀಖುಗಳು ಒಂದೇ ತೂಕದವಲ್ಲ. ಥ್ಯಾಕರೆ ಸತ್ತ ದಿನ ಗಟ್ಟಿ, ಏಕೆಂದರೆ ಸತ್ತವನು ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಅಧಿಕಾರಿ. ಆ ಸುದ್ದಿ ಅಂದಿನ ಕಾಗದಪತ್ರಗಳಲ್ಲಿ ಕೂಡಲೇ ದಾಖಲಾಯಿತು. ಚೆನ್ನಮ್ಮನ ಜನ್ಮದಿನಕ್ಕೆ ಆ ಗಟ್ಟಿತನವಿಲ್ಲ. ಹಲವು ಕಡೆ 1778ರ ಅಕ್ಟೋಬರ್ 23 ಎಂದಿದೆ, ಕೆಲವು ಕಡೆ ಅದೇ ವರ್ಷದ ನವೆಂಬರ್ 14 ಎಂದಿದೆ. ಹಾಗಾಗಿ ‘ಹುಟ್ಟಿದ ದಿನ’ ಎಂದು ಬರೆಯದೆ ‘ಜಯಂತಿ ಆಚರಿಸುವ ದಿನ’ ಎಂದು ಬರೆಯಿರಿ. ಎರಡೂ ಮಾತು ಗೌರವದ್ದೇ, ಆದರೆ ಎರಡನೆಯದನ್ನು ಯಾರೂ ಅಲ್ಲಗಳೆಯಲಾರರು. ಸಂಗೊಳ್ಳಿ ರಾಯಣ್ಣನಿಗೂ ಇದೇ ಎಚ್ಚರ ಬೇಕು. ನಂದಗಡದಲ್ಲಿ ಗಲ್ಲಿಗೇರಿದ್ದು 1831ರ ಜನವರಿ 26. ಜನ್ಮದಿನ ಆಗಸ್ಟ್ 15 ಎಂದು ಆಚರಿಸುತ್ತೇವೆ, ಆದರೆ ವರ್ಷ ಕೆಲವೆಡೆ 1796, ಕೆಲವೆಡೆ 1798. ವರ್ಷ ಹೊಂದದಿದ್ದಾಗ ‘ಎಷ್ಟನೇ ಜಯಂತಿ’ ಎಂಬ ಸಂಖ್ಯೆ ಹಾಕಲು ಹೋಗಬೇಡಿ.

ಇದು ನಮ್ಮ ಕಡೆಯ ಹಳೆಯ ಹೆಸರುಗಳಿಗೆ ಮಾತ್ರ ಬರುವ ತೊಡಕಲ್ಲ. ಪೆಲೆಯ ಜನನ ಪ್ರಮಾಣಪತ್ರದಲ್ಲಿ ಅಕ್ಟೋಬರ್ 21 ಎಂದಿದೆ, ಅವರು ಜೀವನಪೂರ್ತಿ ಆಚರಿಸಿದ್ದು 23. ಗಗನಯಾತ್ರಿ ಕಲ್ಪನಾ ಚಾವ್ಲಾ ಹುಟ್ಟಿದ್ದು 1962ರ ಮಾರ್ಚ್ 17, ದಾಖಲೆಗೆ ಹೋದದ್ದು 1961ರ ಜುಲೈ 1, ಪರೀಕ್ಷೆಗೆ ಕೂರುವ ವಯಸ್ಸು ಹೊಂದಲೆಂದು. ಮಾರ್ಚ್ 17 ಎಂದರೆ ಪುನೀತ್ ರಾಜ್‌ಕುಮಾರ್ ಹುಟ್ಟಿದ ದಿನ (1975), ಸೈನಾ ನೆಹ್ವಾಲ್ ಹುಟ್ಟಿದ ದಿನ (1990) ಕೂಡ. ಮೂವರನ್ನೂ ಒಟ್ಟಿಗೆ ಹಾಕುವ ಆಸೆ ಸಹಜ, ಹಾಕಬಹುದು, ಕಲ್ಪನಾ ಅವರ ಎರಡು ತಾರೀಖಿನ ಸಂಗತಿ ಗೊತ್ತಿದ್ದು ಹಾಕಿದರೆ. ನಮ್ಮ ಹಳ್ಳಿಗಳಲ್ಲಂತೂ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ 1 ಎಷ್ಟೋ ಹಿರಿಯರ ಅಧಿಕೃತ ಜನ್ಮದಿನ. ಸ್ಥಳೀಯ ಹಿರಿಯರೊಬ್ಬರ ಹುಟ್ಟು ಜೂನ್ 1 ಎಂದು ದಾಖಲೆ ಹೇಳಿದರೆ ಮನೆಯವರನ್ನು ಒಮ್ಮೆ ಕೇಳಿ. ಯುಗಾದಿ ಆದ ಎಷ್ಟನೇ ದಿನ, ಯಾವ ಜಾತ್ರೆಯ ವಾರ ಎಂದು ಹೇಳುವ ಅಜ್ಜಿ ಇನ್ನೂ ಸಿಗುತ್ತಾರೆ. ಆ ವರ್ಷದ ಪಂಚಾಂಗ ಹಿಡಿದರೆ ತಾರೀಖು ಸಿಕ್ಕೀತು.

ಐಪಾಡ್ ಇನ್ನೊಂದು ಬಗೆಯ ಪಾಠ. ತೋರಿಸಿದ್ದು ಅಕ್ಟೋಬರ್ 23, ಅಂಗಡಿಗೆ ಬಂದದ್ದು ನವೆಂಬರ್ 10. ‘ಐಪಾಡ್ ಬಿಡುಗಡೆ’ ಎಂದು 23ಕ್ಕೆ ಬರೆದರೆ ತಪ್ಪು, ‘ಅನಾವರಣ’ ಎಂದರೆ ಸರಿ. ಸಿನಿಮಾಕ್ಕೆ ಸೆನ್ಸಾರ್ ದಿನ, ಮೊದಲ ಪ್ರದರ್ಶನದ ದಿನ, ಬಿಡುಗಡೆಯ ದಿನ ಬೇರೆ ಬೇರೆ. ಹಳೆಯ ಚಿತ್ರಗಳ ಪ್ರಿಂಟ್ ಬೆಂಗಳೂರಿನಿಂದ ನಮ್ಮ ಕಡೆಯ ಟಾಕೀಸಿಗೆ ಬರಲು ವಾರಗಳೇ ಹಿಡಿಯುತ್ತಿದ್ದವು. ಊರ ಹಿರಿಯರ ನೆನಪಿನ ತಾರೀಖನ್ನು ರಾಜ್ಯದ ಬಿಡುಗಡೆಯ ತಾರೀಖೆಂದು ಹಾಕಬೇಡಿ. ಕಾನೂನಿಗೂ ಹೀಗೇ. ಪಂಚಾಯತ್ ರಾಜ್‌ಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿಗೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿದ್ದು 1993ರ ಏಪ್ರಿಲ್ 20, ಜಾರಿಗೆ ಬಂದದ್ದು ಏಪ್ರಿಲ್ 24. ಆಚರಣೆ ಇರುವುದು ಜಾರಿಯ ದಿನಕ್ಕೆ.

ಏಪ್ರಿಲ್ 24 ಹೇಳಿದ ಮೇಲೆ ಮುಂದೆ ಹೋಗಲು ಮನಸ್ಸಾಗದು. ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24. ಸಚಿನ್ ತೆಂಡೂಲ್ಕರ್ ಹುಟ್ಟಿದ್ದು 1973ರ ಏಪ್ರಿಲ್ 24. ಹಬಲ್ ದೂರದರ್ಶಕ ಆಕಾಶಕ್ಕೆ ಹೊರಟದ್ದು 1990ರ ಏಪ್ರಿಲ್ 24. ಸಿನಿಮಾ, ಆಟ, ವಿಜ್ಞಾನ, ಹಳ್ಳಿಯ ಆಡಳಿತ ನಾಲ್ಕೂ ಒಂದೇ ದಿನಕ್ಕೆ ಬಂದು ಕೂತಿವೆ. ಇಲ್ಲಿ ಪದೇ ಪದೇ ಆಗುವ ತಪ್ಪು ಶಾರ್ಜಾದ್ದು. 1998ರ ಏಪ್ರಿಲ್ 22ರಂದು ಮರಳಿನ ಬಿರುಗಾಳಿ ಎದ್ದ ಪಂದ್ಯದಲ್ಲಿ ಸಚಿನ್ ಹೊಡೆದದ್ದು 143. ಆ ಪಂದ್ಯ ಭಾರತ ಸೋತಿತು, ಆದರೂ ಫೈನಲ್‌ಗೆ ಹೋಯಿತು. 24ರಂದು, ಅವರ 25ನೇ ಹುಟ್ಟುಹಬ್ಬದ ದಿನ, ಫೈನಲ್‌ನಲ್ಲಿ ಹೊಡೆದದ್ದು 134, ಅದನ್ನು ಗೆದ್ದಿತು. ಅಂಕಿ ಅದಲು ಬದಲಾಗಿ, ‘ಹುಟ್ಟುಹಬ್ಬದಂದು ಬಿರುಗಾಳಿಯ ನಡುವೆ 143’ ಎಂದು ಎಷ್ಟು ಕಡೆ ಅಚ್ಚಾಗುತ್ತದೋ! ಅಂಕಿ ಬರೆದ ಮೇಲೆ ಎದುರಾಳಿ, ಫಲಿತಾಂಶ, ಪಂದ್ಯದ ಹಂತ, ಮೂರನ್ನೂ ಸ್ಕೋರ್‌ಕಾರ್ಡ್ ಜೊತೆ ಹೋಲಿಸಿ. ಮೂರರಲ್ಲಿ ಒಂದು ಹೊಂದದಿದ್ದರೆ ನಿಮ್ಮ ಕೈಯಲ್ಲಿರುವುದು ಬೇರೆ ಪಂದ್ಯ.

ಈಗ ಗಡಿಯಾರದ ವಿಷಯ. ಜೂನ್ 25ರಷ್ಟು ತುಂಬಿದ ದಿನ ಕಡಿಮೆ. 1932ರ ಜೂನ್ 25ರಂದು ಭಾರತ ತನ್ನ ಮೊದಲ ಟೆಸ್ಟ್ ಆಡಲು ಲಾರ್ಡ್ಸ್ ಮೈದಾನಕ್ಕೆ ಇಳಿಯಿತು, ನಾಯಕ ಸಿ.ಕೆ. ನಾಯ್ಡು. 1983ರ ಜೂನ್ 25ರಂದು ಅದೇ ಲಾರ್ಡ್ಸ್‌ನಲ್ಲಿ 183 ಹೊಡೆದು, ವೆಸ್ಟ್ ಇಂಡೀಸ್ ತಂಡವನ್ನು 140ಕ್ಕೆ ಕಟ್ಟಿಹಾಕಿ, 43 ರನ್‌ಗಳಿಂದ ವಿಶ್ವಕಪ್ ಗೆದ್ದಿತು. ಎರಡೂ ಶನಿವಾರ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ದೇಶಕ್ಕೆ ತಿಳಿದದ್ದು 26ರ ಬೆಳಗ್ಗೆ, ಇಂದಿರಾ ಗಾಂಧಿಯವರ ಬಾನುಲಿ ಭಾಷಣದಿಂದ. ಸಹಿಯ ಸಾಲನ್ನು 25ಕ್ಕೆ ಹಾಕಿ, ಭಾಷಣದ ಸಾಲನ್ನು 26ಕ್ಕೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕಲೆಸಿದರೆ ಗೊಂದಲ ಶುರು.

ಮೈಕಲ್ ಜಾಕ್ಸನ್ ತೀರಿಕೊಂಡದ್ದು 2009ರ ಜೂನ್ 25. ಲಾಸ್ ಏಂಜಲೀಸ್‌ನಲ್ಲಿ ಮಧ್ಯಾಹ್ನ 2.26ಕ್ಕೆ ವೈದ್ಯರು ಸಾವನ್ನು ಘೋಷಿಸಿದರು. ಆಗ ಭಾರತದಲ್ಲಿ 26ರ ನಸುಕಿನ 2.56. ಚಂದ್ರನ ಮೇಲೆ ನೀಲ್ ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ಅಮೆರಿಕದವರಿಗೆ 1969ರ ಜುಲೈ 20ರ ರಾತ್ರಿ, ನಮಗೆ 21ರ ಬೆಳಗಿನ 8.26. ನಿಯಮ ಹೀಗಿಟ್ಟುಕೊಳ್ಳಿ: ಘಟನೆ ನಡೆದ ಜಾಗದ ತಾರೀಖನ್ನೇ ಬಳಸಿ, ಭಾರತದಲ್ಲಿ ತಾರೀಖು ಬದಲಾಗಿದ್ದರೆ ಅದನ್ನು ಒಂದು ಪದಗುಚ್ಛದಲ್ಲಿ ಹೇಳಿ. ಚಂದ್ರನಿಗೆ ತನ್ನ ತಾರೀಖಿಲ್ಲವಾದ್ದರಿಂದ ಅಲ್ಲಿ ಎರಡನ್ನೂ ಕೊಡಿ. ಬೇಸಿಗೆಯಲ್ಲಿ ಲಂಡನ್‌ಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಲಂಡನ್‌ನಲ್ಲಿ ಸಂಜೆ ಏಳೂವರೆ ದಾಟಿದ ಜೂನ್ ತಿಂಗಳ ಯಾವ ಘಟನೆಯೂ ನಮಗೆ ಮರುದಿನದ್ದು.

ಪತ್ರಿಕೆಯೂ ಒಂದು ದಿನ ಜಾರಿಸುತ್ತದೆ. ಅಕ್ಟೋಬರ್ 24ರ ಸಂಚಿಕೆಯಲ್ಲಿರುವುದು 23ರ ಸುದ್ದಿ. ‘ನಿನ್ನೆ’ ಎಂಬ ಪದ ಕಂಡರೆ ಸುದ್ದಿಯ ಮೊದಲ ಸಾಲಿನ ಡೇಟ್‌ಲೈನ್ (ಊರು, ತಾರೀಖು ಇರುವ ಭಾಗ) ಓದಿ, ಸಂಚಿಕೆಯ ತಲೆಬರಹದ ತಾರೀಖನ್ನಲ್ಲ. ಹಳೆಯ ವಾರಪತ್ರಿಕೆಗಳಲ್ಲಿ ಈ ಅಂತರ ಏಳೆಂಟು ದಿನ ಆಗುವುದುಂಟು.

ವಾರ ಹೊಂದಿಸಿ ನೋಡುವುದು ಹಳೆಯ ಉಪಾಯ, ಈಗಲೂ ಅದಕ್ಕಿಂತ ಚುರುಕಾದ ಪರೀಕ್ಷೆ ಇಲ್ಲ. ಪತ್ರ, ದಿನಚರಿ, ಶಿಲಾಫಲಕಗಳಲ್ಲಿ ತಾರೀಖಿನ ಜೊತೆ ವಾರವೂ ಇರುತ್ತದೆ. ಲೆಕ್ಕ ಸುಲಭ. ಎರಡು ವರ್ಷಗಳ ಅಂತರ ತೆಗೆಯಿರಿ, ನಡುವೆ ಬಂದ ಫೆಬ್ರವರಿ 29ಗಳನ್ನು ಕೂಡಿಸಿ, ಏಳರಿಂದ ಭಾಗಿಸಿ, ಉಳಿದ ಶೇಷದಷ್ಟು ದಿನ ಹಿಂದಕ್ಕೆ ಎಣಿಸಿ. 2024ರ ಅಕ್ಟೋಬರ್ 23 ಬುಧವಾರ. 1824ಕ್ಕೆ ಅಂತರ 200, ನಡುವಿನ ಫೆಬ್ರವರಿ 29ಗಳು 49 (1900 ಅಧಿಕ ವರ್ಷವಲ್ಲ, 2000 ಹೌದು), ಒಟ್ಟು 249, ಶೇಷ 4. ಬುಧವಾರದಿಂದ ನಾಲ್ಕು ಹಿಂದೆ ಬಂದರೆ ಶನಿವಾರ. ಕಿತ್ತೂರಿನ ಮೊದಲ ಯುದ್ಧ ಶನಿವಾರದ್ದು. ಯಾವುದಾದರೂ ಬರಹ ಅಂದು ಮಂಗಳವಾರ ಎಂದರೆ ತಾರೀಖೋ ವಾರವೋ ಒಂದು ಸುಳ್ಳು. ಅಲ್ಲಿ ನಿಂತು ಇನ್ನೊಂದು ಆಧಾರ ಹುಡುಕಬೇಕು.

ಆಧಾರ ಎರಡು ಬೇಕು ಎನ್ನುತ್ತೇವೆ. ಒಂದೇ ಮೂಲದಿಂದ ನಕಲಾದ ಎರಡು ಜಾಲತಾಣಗಳು ಎರಡು ಆಧಾರವಲ್ಲ. ಇಬ್ಬರಲ್ಲೂ ಅದೇ ಕಾಗುಣಿತದ ತಪ್ಪು, ಅದೇ ವಿಶೇಷಣ ಕಂಡರೆ ಇಬ್ಬರ ತಂದೆ ಒಬ್ಬನೇ.

ಬೆಳಗಾವಿಯವರಿಗೆ ವರ್ಷದ ಅತ್ಯಂತ ಭಾರದ ದಿನ ಯಾವುದು ಎಂದು ಕೇಳಿದರೆ ಡಿಸೆಂಬರ್ 26 ಎಂದೇ ಹೇಳಬೇಕು. 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ಕಾಂಗ್ರೆಸ್‌ನ 39ನೇ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾದ ಏಕೈಕ ಅಧಿವೇಶನ ಇದು. ಟಿಳಕವಾಡಿಯ ವೀರಸೌಧ ಅದರ ಸ್ಮಾರಕ, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಇದೇ ಸಂದರ್ಭದಲ್ಲಿ ಮೊಳಗಿತು, ಬಾಲಕಿ ಗಂಗೂಬಾಯಿ ಹಾನಗಲ್ ಗಾಂಧೀಜಿಯ ಎದುರು ಹಾಡಿದರು. ಎರಡು ದಿನದ ಘಟನೆಯಲ್ಲಿ ಒಳಗಿನ ಸಂಗತಿ ಯಾವ ದಿನದ್ದು ಎಂದು ಕಾಗದ ಕೈಯಲ್ಲಿಲ್ಲದಿದ್ದರೆ ‘ಅಧಿವೇಶನದ ಸಂದರ್ಭದಲ್ಲಿ’ ಎಂದೇ ಬರೆಯಿರಿ. ಹಾಡು 26ರಂದೇ ಎಂದು ಕೂಡಿಸಲು ಹೋಗಬೇಡಿ.

ಅದೇ ತಾರೀಖಿಗೆ 2004ರಲ್ಲಿ ಸುನಾಮಿ ಬಂತು. ಭಾನುವಾರ, ನಮ್ಮ ಗಡಿಯಾರದಲ್ಲಿ ಬೆಳಗಿನ ಆರೂವರೆಯ ಹೊತ್ತಿಗೆ ಸುಮಾತ್ರಾ ಬಳಿ ಕಡಲ ತಳ ನಡುಗಿತು. ಆಮೇಲೆ 2024 ಬಂತು, ಅಧಿವೇಶನಕ್ಕೆ ನೂರು ವರ್ಷ. ಡಿಸೆಂಬರ್ 26ರ ಮಧ್ಯಾಹ್ನ ಬೆಳಗಾವಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿಣಿ ಸಭೆ ಸೇರಿತ್ತು. ಮೆಲ್ಬರ್ನ್‌ನಲ್ಲಿ ಅಂದೇ ಭಾರತ–ಆಸ್ಟ್ರೇಲಿಯಾ ನಾಲ್ಕನೇ ಟೆಸ್ಟ್ ಶುರುವಾಗಿ, 19 ವರ್ಷದ ಸ್ಯಾಮ್ ಕಾನ್‌ಸ್ಟಾಸ್ ತನ್ನ ಮೊದಲ ಇನಿಂಗ್ಸ್‌ನಲ್ಲೇ 65 ಎಸೆತಕ್ಕೆ 60 ಹೊಡೆದಿದ್ದ. ಅಂದು ರಾತ್ರಿ ದೆಹಲಿಯಲ್ಲಿ ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ತೀರಿಕೊಂಡರು. ಮರುದಿನ ಇಲ್ಲಿ ನಡೆಯಬೇಕಿದ್ದ ಸಮಾವೇಶ ರದ್ದಾಯಿತು, ಮೆಲ್ಬರ್ನ್‌ನಲ್ಲಿ ಭಾರತದ ಆಟಗಾರರು ತೋಳಿಗೆ ಕಪ್ಪುಪಟ್ಟಿ ಕಟ್ಟಿ ಆಡಿದರು.

ಒಂದು ಶತಮಾನದ ಮೇಲೆ ಒಂದೇ ದಿನದಲ್ಲಿ ಇಷ್ಟೆಲ್ಲ ಬಂದು ಸೇರಿದಾಗ ಹಿಂದಿನ ವರ್ಷದ ಚೌಕಟ್ಟನ್ನು ಹಾಗೇ ಎತ್ತಿ ಹಾಕಲು ಬರುವುದಿಲ್ಲ. ಇನ್ನು ಮುಂದೆ ಡಿಸೆಂಬರ್ 26 ಬರೆಯುವಾಗ ಕ್ರಮ ಹೀಗಿರಲಿ: 1924, ಅದರ ಬೆನ್ನಿಗೇ 2024ರ ಶತಮಾನೋತ್ಸವ ಮತ್ತು ನಿಧನ, ಯಾಕೆಂದರೆ ಇವೆರಡನ್ನೂ ಈ ಊರು ಕಟ್ಟಿಹಾಕಿದೆ. ಆಮೇಲೆ ಸುನಾಮಿ. ಕ್ರಿಕೆಟ್ ಕೊನೆಗೆ ಬರಲಿ, ಕಪ್ಪುಪಟ್ಟಿಯ ಸಂಗತಿಯನ್ನು ಅದಕ್ಕೇ ಸೇರಿಸಿ, ಆದರೆ ಪಟ್ಟಿ ಕಟ್ಟಿದ್ದು 27ರಂದು ಎಂದು ಸ್ಪಷ್ಟವಾಗಿ ಹೇಳಿ. ಲಕ್ಷಾಂತರ ಜನ ಸತ್ತ ಸಾಲಿನ ಪಕ್ಕದಲ್ಲಿ ‘ಭರ್ಜರಿ’, ‘ಧೂಳೀಪಟ’ ಎಂಬ ಪದಗಳು ಬೇಡ. ತೀರಿಕೊಂಡವರ ಜನ್ಮದಿನಕ್ಕೆ ‘ಶುಭಾಶಯ’ ಬೇಡ, ‘ಜನ್ಮದಿನ’ ಸಾಕು.

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಎರಡು ಮಾತು ವಿಶೇಷವಾಗಿ. ತಾಳಿಕೋಟೆ ಯುದ್ಧ, ರಕ್ಕಸಗಿ–ತಂಗಡಗಿಯ ಯುದ್ಧ ಎಂದೂ ಕರೆಯುತ್ತೇವಲ್ಲ, ಅದರ ತಾರೀಖು 1565ರ ಜನವರಿ 23 ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಇದು ಹಳೆಯ ಜೂಲಿಯನ್ ಪಂಚಾಂಗದ ಎಣಿಕೆ. ಈಗ ನಾವು ಬಳಸುವ ಗ್ರೆಗೋರಿಯನ್ ಪಂಚಾಂಗ ಬಂದದ್ದು 1582ರ ಅಕ್ಟೋಬರ್‌ನಲ್ಲಿ. ಆ ಶತಮಾನಕ್ಕೆ ಅಂತರ ಹತ್ತು ದಿನ, ಅಂದರೆ ಈಗಿನ ಲೆಕ್ಕಕ್ಕೆ ಫೆಬ್ರವರಿ 2. ನೇತಾಜಿ ಹುಟ್ಟಿದ 1897ರ ಜನವರಿ 23ರ ಜೊತೆ ಯುದ್ಧವನ್ನು ಕೂರಿಸುವಾಗ ‘ಹಳೆಯ ಪಂಚಾಂಗದಂತೆ’ ಎಂಬ ಎರಡು ಪದ ಸೇರಿಸಿ. ತಾರೀಖನ್ನು ನೀವೇ ಬದಲಿಸಿ ಫೆಬ್ರವರಿಗೆ ಒಯ್ಯಬೇಡಿ, ಓದುಗನಿಗೆ ಪುಸ್ತಕದಲ್ಲಿ ಸಿಗುವುದು 23.

ಎರಡನೆಯದು ತಿಥಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆ. ಅದು 2024ರಲ್ಲಿ ಮೇ 10, 2025ರಲ್ಲಿ ಏಪ್ರಿಲ್ 30. ಇದನ್ನು ತಾರೀಖಿನ ಕಡತದಲ್ಲಿ ಇಟ್ಟರೆ ಮುಂದಿನ ವರ್ಷ ತಪ್ಪು ದಿನಕ್ಕೆ ಅಚ್ಚಾಗುತ್ತದೆ. ಉರುಸುಗಳದ್ದು ಹಿಜರಿ ಲೆಕ್ಕ, ಅದೂ ಹಾಗೇ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದದ್ದು 2023ರ ಜನವರಿ 2, ಅಂದು ವೈಕುಂಠ ಏಕಾದಶಿ. ತಾರೀಖು ಪ್ರತಿ ವರ್ಷ ಬರುತ್ತದೆ, ಏಕಾದಶಿ ಅದೇ ದಿನ ಬರುವುದಿಲ್ಲ. ತಿಥಿಯವಕ್ಕೆ ಬೇರೆ ಕಡತ ಮಾಡಿ, ಪ್ರತಿ ಯುಗಾದಿಗೆ ಹೊಸ ಪಂಚಾಂಗ ನೋಡಿ ತುಂಬಿ.

ಕಡತ ಎಂದೆ. ಕಂಪ್ಯೂಟರಿನ ಎಕ್ಸೆಲ್ ಹಾಳೆ ಸಾಕು, ಆದರೆ ಅದರ ಎರಡು ಗುಣ ತಿಳಿದಿರಲಿ. 1900ರ ಹಿಂದಿನ ತಾರೀಖನ್ನು ಅದು ತಾರೀಖೆಂದು ಗುರುತಿಸುವುದಿಲ್ಲ, ಆದ್ದರಿಂದ 1824, 1831 ಎಲ್ಲ ಬರೀ ಅಕ್ಷರವಾಗಿ ಉಳಿದು, ವಿಂಗಡಿಸಿದಾಗ ಬೇರೆಲ್ಲೋ ಹೋಗಿ ಕೂರುತ್ತವೆ. ಹಾಗೆಯೇ 11/10/2012 ಎಂದು ಹೊಡೆದರೆ ಕೆಲವು ಯಂತ್ರಗಳು ನವೆಂಬರ್ 10 ಎಂದು ಓದುತ್ತವೆ. ಅದು ನಮ್ಮ ಸುವರ್ಣ ವಿಧಾನಸೌಧವನ್ನು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಅಕ್ಟೋಬರ್ 11. (ಅಮಿತಾಭ್ ಬಚ್ಚನ್‌ಗೆ ಅಂದೇ 70 ತುಂಬಿತು. ಜಯಪ್ರಕಾಶ ನಾರಾಯಣ್, ಹಾರ್ದಿಕ್ ಪಾಂಡ್ಯ ಹುಟ್ಟಿದ್ದೂ ಅಕ್ಟೋಬರ್ 11.) ಪರಿಹಾರ ಇಷ್ಟೇ: ತಿಂಗಳು, ದಿನ, ವರ್ಷಕ್ಕೆ ಮೂರು ಬೇರೆ ಅಂಕಣ, ಮೂರರಲ್ಲೂ ಬರೀ ಅಂಕಿ. ಮುಂದಿನ ಅಂಕಣಗಳಲ್ಲಿ ವಾರ, ಸ್ಥಳ, ಯಾವ ಬಗೆಯ ದಿನ (ಅನಾವರಣವೋ ಬಿಡುಗಡೆಯೋ, ಸಹಿಯೋ ಜಾರಿಯೋ), ಎರಡು ಆಧಾರ, ಕೊನೆಯ ಬಾರಿ ಬಳಸಿದ ವರ್ಷ.

ಹುಡುಕುವಾಗ ಹಳೆಯ ಹೆಸರುಗಳನ್ನೂ ಹಾಕಿ. ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಇಂಗ್ಲಿಷ್ ಕಡತಗಳಲ್ಲಿ ಬೆಲ್ಗಾಂ, ಬಿಜಾಪುರ ಎಂದಿರುತ್ತದೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಅದರ ಹಿಂದಿನದು ಬಿಜಾಪುರ ಜಿಲ್ಲೆಯ ಕೆಳಗೆ ಸಿಗುತ್ತದೆ. 1956ರ ನವೆಂಬರ್ 1ಕ್ಕೂ ಮೊದಲು ಇಡೀ ಈ ಭಾಗ ಮುಂಬಯಿ ರಾಜ್ಯದ್ದು, ಹಾಗಾಗಿ ಮುಂಬಯಿಯ ಗೆಜೆಟ್‌ಗಳನ್ನೂ (ಸರ್ಕಾರಿ ರಾಜ್ಯಪತ್ರ) ನೋಡಬೇಕು. ನವೆಂಬರ್ 1ಕ್ಕೆ ಒಂದು ಸಾಲು ಇಲ್ಲೇ ಬರೆದುಕೊಳ್ಳಿ: ಮೈಸೂರು ರಾಜ್ಯ ಕರ್ನಾಟಕವಾದ 1973ರ ನವೆಂಬರ್ 1ರಂದೇ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು. ದಿನವೂ ವರ್ಷವೂ ಒಂದೇ ಆಗಿರುವ ಇಂಥ ಜೋಡಿ ಅಪರೂಪ.

ಸಂಖ್ಯೆ ಹೇಳುವಾಗ ‘ತುಂಬಿತು’ ಮತ್ತು ‘ನೇ’ ಬೆರೆಯದಿರಲಿ. ರಾಜ್‌ಕುಮಾರ್ ಅವರ ನೂರನೇ ವರ್ಷ ಶುರುವಾಗುವುದು 2028ರ ಏಪ್ರಿಲ್ 24ಕ್ಕೆ, ನೂರು ತುಂಬುವುದು 2029ಕ್ಕೆ. ಫೆಬ್ರವರಿ 29ಕ್ಕೆ ಹುಟ್ಟಿದ ಮೊರಾರ್ಜಿ ದೇಸಾಯಿ (1896) ಅಂಥವರನ್ನು ಅಧಿಕ ವರ್ಷಕ್ಕೇ ಕಾಯ್ದಿಡಿ, 28ಕ್ಕೆ ಎಳೆಯಬೇಡಿ.

ಒಂದು ಸಾಲಿಗೆ 25ರಿಂದ 30 ಪದ, ಒಂದು ಚೌಕಟ್ಟಿಗೆ ಐದು ಸಾಲು. ಬಾನುಲಿಗೆ ನಿಧಾನವಾಗಿ ಓದಿದರೆ ನಿಮಿಷಕ್ಕೆ ನೂರರ ಒಳಗೇ ಪದ ಹಿಡಿಸುತ್ತವೆ, ಆದ್ದರಿಂದ ಎರಡು ನಿಮಿಷಕ್ಕೂ ಐದೇ ಸಾಲು ಸಾಕು, ಮತ್ತು ವರ್ಷವನ್ನು ವಾಕ್ಯದ ಮೊದಲಿಗೆ ಹೇಳಿ. ಚೌಕಟ್ಟು ಎರಡು ದಿನ ಮೊದಲೇ ಸಿದ್ಧವಿರಲಿ. ಪುಟ ಹೋಗುವ ಮೊದಲು ಒಮ್ಮೆ ಅಂದಿನ ಸುದ್ದಿ ನೋಡಿ, ಡಿಸೆಂಬರ್ 26ರಂಥ ರಾತ್ರಿ ಬಂದಿದ್ದರೆ ಮರುದಿನದ ಚೌಕಟ್ಟಿನ ಧಾಟಿ ಬದಲಿಸಬೇಕಾಗುತ್ತದೆ. ತಪ್ಪು ಅಚ್ಚಾದರೆ ತಿದ್ದುಪಡಿಯನ್ನು ಮರುದಿನ ಅದೇ ಜಾಗದಲ್ಲಿ ಹಾಕಿ, ಅದೇ ಗಳಿಗೆಯಲ್ಲಿ ಹಾಳೆಯನ್ನೂ ತಿದ್ದಿ, ತಿದ್ದಿದವರ ಹೆಸರು ಮತ್ತು ಆಧಾರ ಬರೆದಿಡಿ. ಹಾಳೆ ತಿದ್ದದೆ ಪತ್ರಿಕೆಯಲ್ಲಿ ಮಾತ್ರ ತಿದ್ದಿದರೆ ಮುಂದಿನ ವರ್ಷ ಡೆಸ್ಕಿಗೆ ಬರುವ ಹೊಸಬರು ಅದೇ ತಪ್ಪನ್ನು ಮತ್ತೆ ಅಚ್ಚಿಗೆ ಕಳಿಸುತ್ತಾರೆ.